ಒಂಬತ್ತನೆಯ ಸೀಟಿನ ಭಾವನವರು

ಕಾಶಿಗೋ ಪುರಿಗೋ ಒಟ್ಟಾಗಿ ವಿಮಾನದಲ್ಲಿ ಹೊರಡುವ ಕನ್ನಡ ಕುಟುಂಬಗಳಲ್ಲಿ, ಟಿಕೆಟ್ ಬುಕ್ ಆಗುವವರೆಗೆ ಎಲ್ಲರಿಗಿಂತ ಮುಂದೆ ನಿಂತಿದ್ದು, ಬುಕ್ ಆದ ಮರುದಿನದಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ, ಹೊರಡಲು ಎರಡು ವಾರ ಉಳಿದಿರುವಾಗ ‘ನೀವೆಲ್ಲ ಹೋಗಿಬನ್ನಿ, ನನ್ನದೊಂದು ಕ್ಯಾನ್ಸಲ್ ಮಾಡಿಬಿಡಿ’ ಎನ್ನುವ ಹಿರಿಯರೊಬ್ಬರು ತಪ್ಪದೆ ಇರುತ್ತಾರೆ. ಅವರು ಚಿಕ್ಕಪ್ಪನಾಗಿರಬಹುದು, ನಿವೃತ್ತ ಹೆಡ್‌ಮಾಸ್ಟರಾದ ಸೋದರಮಾವನಾಗಿರಬಹುದು; ಆದರೆ ಈ ಸ್ವಭಾವ ಹದವಾಗಿ ಮಾಗಿ ಕಾಣಿಸುವುದು ಮನೆಯ ಹಿರಿಯ ಅಳಿಯನಲ್ಲಿ, ಅಂದರೆ ಹೊಸ ಅಳಿಯನ ಮರ್ಯಾದೆಗಳು ನಿಂತು ಮೂವತ್ತು ವರ್ಷ ಕಳೆದಿದ್ದರೂ ಅವುಗಳ ನಿರೀಕ್ಷೆಯನ್ನು ಬಿಡದವರಲ್ಲಿ. ಆದುದರಿಂದ ಈ ವರ್ಗಕ್ಕೆ ಸೇರಿದ ಸಮಸ್ತರನ್ನೂ ಇಲ್ಲಿ ಭಾವನವರು ಎಂದೇ ಕರೆಯಲಾಗಿದೆ.

ಪ್ರವಾಸದ ಪ್ರಸ್ತಾಪ ಬಹುಪಾಲು ಭಾವನವರದೇ ಆಗಿರುತ್ತದೆ. ಯಾರದೋ ಗೃಹಪ್ರವೇಶದಲ್ಲಿ ಊಟ ಮುಗಿದು ಎಲೆಅಡಿಕೆಯ ತಟ್ಟೆ ಬಂದ ಹೊತ್ತಿಗೆ, ಕೈಕಾಲು ಗಟ್ಟಿ ಇರುವಾಗಲೇ ಕಾಶಿ ನೋಡಿಬಿಡಬೇಕೆಂದು ಘೋಷಿಸಿ, ತಿಂಗಳನ್ನೂ ತಾವೇ ಗೊತ್ತುಮಾಡಿ, ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ವಿಮಾನದ ವಿಷಯವೆಲ್ಲ ತಿಳಿದಿರಲೇಬೇಕೆಂದು ನಂಬಲಾಗಿರುವ, ನಲವತ್ತು ಸಮೀಪಿಸಿದರೂ ಹುಡುಗನೆಂದೇ ಕರೆಯಿಸಿಕೊಳ್ಳುವ ಒಬ್ಬನಿಗೆ ಬುಕಿಂಗಿನ ಹೊಣೆಯನ್ನು ವಹಿಸಿಬಿಡುತ್ತಾರೆ. ಉಳಿದ ಎಂಟು ಜನರ ಆಧಾರ್ ಕಾರ್ಡುಗಳು ಅದೇ ಸಂಜೆ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ, ಭಾವನವರದು ನಾಲ್ಕನೆಯ ದಿನ, ಟ್ಯೂಬ್‌ಲೈಟಿನ ಬೆಳಕು ಹೆಸರಿನ ಮೇಲೆಯೇ ಬಿದ್ದು, ಜನ್ಮದಿನಾಂಕದ ಮೇಲೆ ಹೆಬ್ಬೆರಳು ಕೂತ ಭಂಗಿಯಲ್ಲಿ ಬರುತ್ತದೆ. ವಿಮಾನ ಕಂಪನಿಗಳ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಮನೆಗಳಿದ್ದು ಎರಡನ್ನೂ ತುಂಬಬೇಕಾಗುತ್ತದೆ. ಊರಿನದೊಂದು, ತಂದೆಯದೊಂದು ಇನಿಶಿಯಲ್ ಹೊತ್ತು ಬಾಳಿದ ಕನ್ನಡಿಗರಿಗೆ ಕೊನೆಯ ಹೆಸರೆಂಬುದೇ ಇರುವುದಿಲ್ಲ. ಈ ತೊಡಕು ಬಂದಾಗ ಬೇರೆಯವರು ತಂದೆಯ ಹೆಸರನ್ನು ಹಾಕಿ ಮುಗಿಸುತ್ತಾರೆ. ಭಾವನವರಾದರೋ ಊರಿನ ಹೆಸರು ಮೊದಲು ಬರಬೇಕೆಂದು ಹಟ ಹಿಡಿದು, ಟಿಕೆಟ್ಟಿನ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ತಾಳೆಯಾಗದಿದ್ದರೆ ನಿಲ್ದಾಣದ ಬಾಗಿಲಲ್ಲೇ ತಡೆಯುತ್ತಾರೆಂದು ತಿಳಿದ ಮೇಲೆ, ತಾವೇ ಏನನ್ನೋ ತ್ಯಾಗ ಮಾಡಿದವರ ಧ್ವನಿಯಲ್ಲಿ ಒಪ್ಪುತ್ತಾರೆ.

ಇಷ್ಟಾದ ಮೇಲೆ ಒಂಬತ್ತು ಹೆಸರುಗಳೂ ಒಂದೇ ಪಿಎನ್‌ಆರ್‌ನೊಳಗೆ ಸೇರುತ್ತವೆ. ಪಿಎನ್‌ಆರ್ ಎಂದರೆ ಯಾರು, ಎಲ್ಲಿಂದ ಎಲ್ಲಿಗೆ, ಯಾವತ್ತು, ಯಾವ ದರದಲ್ಲಿ ಹೋಗುತ್ತಾರೆಂಬುದನ್ನು ಒಟ್ಟಿಗೆ ಹಿಡಿದಿಡುವ ದಾಖಲೆ. ರೈಲಿನಲ್ಲಿ ಅದಕ್ಕೆ 10 ಅಂಕಿಗಳಿದ್ದರೆ ವಿಮಾನದಲ್ಲಿ ಅಕ್ಷರಗಳೂ ಅಂಕಿಗಳೂ ಬೆರೆತ 6 ಚಿಹ್ನೆಗಳಿರುತ್ತವೆ. ಸಾಮಾನ್ಯ ಬುಕಿಂಗಿನಲ್ಲಿ ಒಂದು ಪಿಎನ್‌ಆರ್‌ಗೆ 9 ಜನರೇ ಮಿತಿ. 10 ಮತ್ತು ಅದಕ್ಕಿಂತ ಹೆಚ್ಚು ಜನರಿದ್ದರೆ ಅದು ಗ್ರೂಪ್ ಬುಕಿಂಗ್ ಎನಿಸಿಕೊಂಡು, ಮೊದಲು ಮುಂಗಡ ಕಟ್ಟಿ ಹೆಸರುಗಳನ್ನು ಗಡುವಿನೊಳಗೆ ಆಮೇಲೆ ಕೊಡುವ ಬೇರೊಂದು ವ್ಯವಸ್ಥೆಗೆ ಹೋಗುತ್ತದೆ. ಅದನ್ನು ರೂಪಿಸಿದವರ ಮನೆಯಲ್ಲೂ ಒಬ್ಬ ಭಾವ ಇದ್ದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ. ಇನ್ನೊಂದು ಸಂಗತಿ ಕುಟುಂಬದವರ ಗಮನಕ್ಕೆ ಬರುವುದೇ ಇಲ್ಲ. ವಿಮಾನದ ಸೀಟುಗಳನ್ನು ಹಲವು ದರಗಳ ಗುಂಪುಗಳಾಗಿ ವಿಂಗಡಿಸಿಟ್ಟಿರುವುದರಿಂದ, ಕಡಿಮೆ ದರದ ಸೀಟುಗಳು ಎಂಟೇ ಉಳಿದಿರುವಾಗ ಒಂಬತ್ತನ್ನು ಒಟ್ಟಿಗೆ ಕೇಳಿದರೆ ಒಂಬತ್ತಕ್ಕೂ ಮೇಲಿನ ದರವೇ ಬೀಳುವುದುಂಟು, ಅಂದರೆ ಭಾವನವರು ಬರುತ್ತೇನೆಂದ ಕಾರಣಕ್ಕೇ ಎಲ್ಲರೂ ಹೆಚ್ಚು ತೆತ್ತಿರುವ ಸಾಧ್ಯತೆ ಇರುತ್ತದೆ.

ಈ ಸ್ವಭಾವ ವಿಮಾನಯುಗದಲ್ಲಿ ಹುಟ್ಟಿದ್ದಲ್ಲ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಏರ್ ಡೆಕ್ಕನ್ ಆರಂಭಿಸಿ ಮಧ್ಯಮ ವರ್ಗದವರನ್ನು ವಿಮಾನ ಹತ್ತಿಸುವುದಕ್ಕೆ ಬಹಳ ಮೊದಲೇ, ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿದು ಎರಡು ದಿನ ಕೂತು ಮೊಘಲ್‌ಸರಾಯ್‌ನಲ್ಲಿ ಇಳಿಯುತ್ತಿದ್ದ ಕಾಲದಲ್ಲೇ ಭಾವನವರು ಇದ್ದರು. ಆದರೆ ರೈಲ್ವೆ ಇಲಾಖೆ ಅವರನ್ನು ಸಾಕಷ್ಟು ಸಲಹಿತು. ಖಾತ್ರಿಯಾದ ಟಿಕೆಟ್ಟನ್ನು ಹೊರಡುವುದಕ್ಕೆ 24 ಗಂಟೆ ಮೊದಲು ಅರ್ಜಿ ಕೊಟ್ಟರೆ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರಂಥ ಹತ್ತಿರದವರ ಹೆಸರಿಗೆ ಬದಲಾಯಿಸಲು ರೈಲ್ವೆಯಲ್ಲಿ ಅವಕಾಶವುಂಟು. ಹೀಗಾಗಿ ಭಾವನವರ ಬರ್ತಿನಲ್ಲಿ ಅವರ ತಮ್ಮನೋ ಮಗನೋ ಮಲಗಿ ಕಾಶಿ ಕಂಡುಬಂದ ಉದಾಹರಣೆಗಳು ಪ್ರತಿ ಮನೆತನದಲ್ಲೂ ಸಿಗುತ್ತವೆ. ವಿಮಾನದ ಟಿಕೆಟ್ಟಿನಲ್ಲಿ ಕಾಗುಣಿತವನ್ನು ತಿದ್ದಬಹುದೇ ಹೊರತು ಮನುಷ್ಯನನ್ನು ತಿದ್ದಲು ಬರುವುದಿಲ್ಲ. ‘ನನ್ನ ಬದಲು ರಾಘು ಬರಲಿ’ ಎಂಬ ಉದಾರವಾದ ಸಲಹೆ ನೆಲಕಚ್ಚುವುದು ಇಲ್ಲಿಯೇ.

ಹಿಂದೆ ಸರಿಯಲು ಭಾವನವರು ಕೊಡುವ ಕಾರಣಗಳಲ್ಲಿ ಮಂಡಿನೋವು, ರಕ್ತದೊತ್ತಡ, ಮನೆಗೆ ಬಣ್ಣ ಬಳಿಯುವವನು ಅದೇ ವಾರ ಬರುತ್ತೇನೆಂದಿರುವುದು ಮುಂತಾದವು ಸಾಮಾನ್ಯವಾಗಿದ್ದು ವಿವರಣೆ ಬೇಡುವುದಿಲ್ಲ. ಸೂತಕದ ಕಾರಣ ಮಾತ್ರ ಸೂಕ್ಷ್ಮವಾದುದು. ಏಳು ತಲೆಮಾರಿನೊಳಗಿನ ದಾಯಾದಿಯೊಬ್ಬರು ತೀರಿಕೊಂಡರೆ ಸಂಪ್ರದಾಯಸ್ಥರು 10 ದಿನ ದೇವಸ್ಥಾನ, ತೀರ್ಥಯಾತ್ರೆಗಳಿಂದ ದೂರವಿರಬೇಕೆಂಬ ನಿಯಮವನ್ನು ಆಧರಿಸಿ, ಬದುಕಿದ್ದಾಗ ಒಂದು ಕಾಗದವನ್ನೂ ಬರೆಯದ ತೀರ್ಥಹಳ್ಳಿಯ ಕಡೆಯ ದಾಯಾದಿಯ ಆರೋಗ್ಯವನ್ನು ಭಾವನವರು ಇದ್ದಕ್ಕಿದ್ದಂತೆ ವಿಚಾರಿಸತೊಡಗುತ್ತಾರೆ. ಈ ವಾದದಲ್ಲಿ ಒಂದು ಅಪಾಯವಿದೆ. ಭಾವನವರಿಗೆ ತಗಲಿದ ಸೂತಕ ಅವರ ಪತ್ನಿಗೂ ತಗಲುತ್ತದೆ, ಪತ್ನಿಯ ಅಣ್ಣತಮ್ಮಂದಿರಿಗೆ ತಗಲುವುದಿಲ್ಲ. ಹಾಗಾಗಿ ರದ್ದಾಗಬೇಕಾದ ಸೀಟುಗಳು ಎರಡಾಗುತ್ತವೆ. ರೇಷ್ಮೆ ಸೀರೆಗೆ ಫಾಲ್ ಹೊಲಿಸಿ, ವಿಂಡೋ ಸೀಟಿಗೆ ಬೇರೆಯೇ ಹಣ ಕೊಟ್ಟು ಕಾಯ್ದಿರಿಸಿಕೊಂಡಿರುವ ಆಕೆ ತೀರ್ಥಹಳ್ಳಿಗೆ ತಾವೇ ಫೋನ್ ಮಾಡಿ, ಅಜ್ಜನವರು ಈಗಷ್ಟೇ ಎರಡನೆಯ ಸಲ ಕಾಫಿ ಕುಡಿದರೆಂಬ ವರದಿಯನ್ನು ಗುಂಪಿಗೆ ಹಾಕುತ್ತಾರೆ. ಕಾರಣ ಮತ್ತೆ ಮಂಡಿಗೆ ಇಳಿಯುತ್ತದೆ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ಭಾವನವರಿಗೆ ಪ್ರಯಾಣದ ಭಯವಿದೆಯೆಂದೋ ಖರ್ಚಿನ ಚಿಂತೆಯಿದೆಯೆಂದೋ ತಿಳಿಯುವವರು ಅವರನ್ನು ಅರಿತಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, ಬೆರಳುಗಳ ನಡುವೆ ಬೇಕಷ್ಟು ಜಾಗ ಬಿಟ್ಟು ಬೇಡ ಬೇಡ ಎನ್ನುವವರು ಏನನ್ನು ಬಯಸುತ್ತಾರೋ ಅದನ್ನೇ ಭಾವನವರೂ ಬಯಸುತ್ತಾರೆ. ಒತ್ತಾಯ ಆಗಬೇಕು. ನೀವಿಲ್ಲದೆ ಕಾಶಿಯೇ ಎಂದು ಒಬ್ಬರು, ನೀವು ಬಾರದಿದ್ದರೆ ನಾವೂ ಇಲ್ಲ ಎಂದು ಇನ್ನೊಬ್ಬರು ಹೇಳಿ, ಅತ್ತೆಯವರು ಕಣ್ಣೊರೆಸಿಕೊಂಡು, ಕೊನೆಗೆ ‘ಆಯಿತಪ್ಪ, ನಿಮ್ಮ ಸಂತೋಷಕ್ಕೆ’ ಎಂದು ಅವರು ಒಪ್ಪಬೇಕು. ಹಿಂದಿನ ತಲೆಮಾರು ಈ ಉಪಚಾರವನ್ನು ಚಾಚೂ ತಪ್ಪದೆ ನಡೆಸಿತು. ಹುಡುಗನ ತಲೆಮಾರಿಗೆ ಅದರ ಪಾಠವಾಗಿಲ್ಲ. ಆತ ‘ಸರಿ ಮಾವ’ ಎಂದು ಹೇಳಿ, ಅಲ್ಲೇ ಸೋಫಾದಲ್ಲಿ ಕೂತು ಮೊಬೈಲ್ ತೆರೆದು, ಒಂಬತ್ತು ಹೆಸರುಗಳ ಪಕ್ಕದ ಒಂಬತ್ತು ಚೌಕಗಳಲ್ಲಿ ಒಂದರೊಳಗೆ ಮಾತ್ರ ಗುರುತು ಹಾಕುತ್ತಾನೆ. ಖಚಿತವೇ ಎಂದು ಪರದೆ ಕೇಳುತ್ತದೆ. ಅದು ಕೇಳುವುದು ಒಂದೇ ಸಲ, ಅದೂ ಹುಡುಗನನ್ನು.

ಆಗ ನಡೆಯುವ ಕ್ರಿಯೆಗೆ ಟ್ರಾವೆಲ್ ಏಜೆಂಟರು ಪಿಎನ್‌ಆರ್ ಸ್ಪ್ಲಿಟ್ ಮಾಡುವುದು ಎನ್ನುತ್ತಾರೆ: ಹೊರಹೋಗುವವರ ಹೆಸರನ್ನು ಗುಂಪಿನ ದಾಖಲೆಯಿಂದ ಬೇರ್ಪಡಿಸಿ, ಅವರೊಬ್ಬರಿಗಾಗಿಯೇ ಹೊಸ ಪಿಎನ್‌ಆರ್ ಒಂದನ್ನು ಸೃಷ್ಟಿಸಿ, ಉಳಿದವರ ಟಿಕೆಟ್ಟಿಗೆ ಧಕ್ಕೆಯಾಗದಂತೆ ಆ ಹೊಸದನ್ನು ಮಾತ್ರ ರದ್ದು ಮಾಡುವ ವಿಧಾನ ಇದು. ಮಾವನ ಮನೆಯ ನೆರಳಿನಿಂದ ಹೊರಬಂದು ಭಾವನವರು ಸ್ವತಂತ್ರ ಅಸ್ತಿತ್ವ ಹೊಂದುವುದು ಆ ಕೆಲವು ಕ್ಷಣಗಳಲ್ಲಿ ಮಾತ್ರ.

ಅನಂತರದ ಘಟ್ಟ ರೀಫಂಡಿನದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕ ಎರಡನ್ನೂ ಕೂಡಿಸಿದ ಮೊತ್ತವನ್ನು ಮೀರುವಂತಿಲ್ಲ, ತೆರಿಗೆ ಹಾಗೂ ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂತಿರುಗಿಸಲೇಬೇಕು. ಅಗ್ಗದ ಟಿಕೆಟ್ಟಿನಲ್ಲಿ ಮೂಲ ದರವೆಲ್ಲ ಶುಲ್ಕಕ್ಕೇ ಹೋಗಿ ಕೈಗೆ ಬರುವುದು ಕೆಲವು ನೂರು ರೂಪಾಯಿ ಮಾತ್ರ ಆಗಿರುವುದುಂಟು. ಆ ಹಣವೂ ಯಾವ ಕಾರ್ಡಿನಿಂದ ಪಾವತಿಯಾಗಿತ್ತೋ ಅದೇ ಕಾರ್ಡಿಗೆ, ಅಂದರೆ ಹುಡುಗನ ಖಾತೆಗೆ ಬರುತ್ತದೆ. ನ್ಯಾಯವಾಗಿಯೇ ಬರುತ್ತದೆ, ಏಕೆಂದರೆ ಬುಕ್ ಮಾಡಿದ ದಿನ ‘ಆಮೇಲೆ ಒಟ್ಟಿಗೆ ಲೆಕ್ಕ ಹಾಕೋಣ’ ಎಂದಿದ್ದ ಭಾವನವರು ತಮ್ಮ ಪಾಲನ್ನು ಇನ್ನೂ ಕೊಟ್ಟಿರುವುದೇ ಇಲ್ಲ. ಆದರೂ ‘ನನ್ನ ದುಡ್ಡು ಬಂತೇನಯ್ಯ?’ ಎಂದು ಪ್ರತಿ ಭಾನುವಾರ ವಿಚಾರಿಸುವುದನ್ನು ಅವರು ಬಿಡುವುದಿಲ್ಲ.

ಭಾವನವರ ಅಗಲಿಕೆಯನ್ನು ಕುಟುಂಬ ನಿಜವಾಗಿ ಅನುಭವಿಸುವುದು ಸಾಮಾನು ಕಟ್ಟುವ ರಾತ್ರಿ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ತಲೆಗೆ 15 ಕಿಲೋ ಲಗೇಜು ಒಪ್ಪಿಸಬಹುದಾಗಿದ್ದು, ಒಂದೇ ಪಿಎನ್‌ಆರ್‌ನವರ ತೂಕವನ್ನು ಒಟ್ಟುಗೂಡಿಸಿ ನೋಡುವ ರೂಢಿಯಿರುವುದರಿಂದ, 135 ಕಿಲೋ ಇದ್ದದ್ದು 120ಕ್ಕೆ ಇಳಿಯುತ್ತದೆ. ತಕ್ಕಡಿಯ ಮೇಲಿಂದ ಮೊದಲು ಕೋಡುಬಳೆಯ ಡಬ್ಬ, ಅನಂತರ ಪುಳಿಯೋಗರೆ ಗೊಜ್ಜು, ಆಮೇಲೆ ಅವಲಕ್ಕಿಯ ಚೀಲ ಕೆಳಗಿಳಿಯುವಾಗ, ಅವರೊಬ್ಬರು ಬಂದಿದ್ದರೆ ಎಂಬ ಉದ್ಗಾರ ಹೃದಯದ ಆಳದಿಂದಲೇ ಹೊರಡುತ್ತದೆ. ವಿಷಾದದ ಸಂಗತಿಯೆಂದರೆ ಈ ಮಾತನ್ನು ಯಾರೂ ಭಾವನವರ ಎದುರಿಗೆ ಆಡುವುದಿಲ್ಲ, ಆಡಿದ್ದರೆ ಅವರು ಹೊರಟೇಬಿಡುತ್ತಿದ್ದರು. ಅದೇ ರಾತ್ರಿ ಅವರು, ಸುಮ್ಮನೆ ತಿಳಿದುಕೊಳ್ಳಲೆಂಬಂತೆ, ಈಗ ಬುಕ್ ಮಾಡಿದರೆ ಎಷ್ಟಾಗುತ್ತದೆಂದು ಹುಡುಗನನ್ನು ಕೇಳಿ, ಮೊತ್ತ ಮೂರು ಪಟ್ಟಾಗಿರುವುದನ್ನು ತಿಳಿದು, ವಿಶ್ವನಾಥ ಕರೆಸಿಕೊಳ್ಳಬೇಕಷ್ಟೇ ಎಂದು ಮೇಲೆ ನೋಡುತ್ತಾರೆ.

ಎಂಟು ಜನ ಕಾಶಿ, ಪ್ರಯಾಗ, ಗಯೆಗಳನ್ನು ಮುಗಿಸಿ ಹಿಂತಿರುಗುತ್ತಾರೆ. ಕಾಶಿಯಾತ್ರೆಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿಯೇ ಬಿಟ್ಟು ಬರಬೇಕೆಂಬ ಸಂಪ್ರದಾಯವಿದ್ದು, ಒಮ್ಮೆ ಬಿಟ್ಟದ್ದನ್ನು ಅವರು ಮತ್ತೆ ತಿನ್ನುವಂತಿಲ್ಲ. ಭಾವನವರ ಪತ್ನಿ ಗಯೆಯಲ್ಲಿ ಬಿಟ್ಟದ್ದು ಬದನೆಕಾಯಿ. ಅದು ಯಾರಿಗೆ ಪ್ರಿಯವಾಗಿತ್ತೆಂದು ಅಲ್ಲಿನ ಪುರೋಹಿತರು ಕೇಳಲಿಲ್ಲ, ಗುಂಪಿನಲ್ಲಿದ್ದವರೂ ಹೇಳಲಿಲ್ಲ. ತಾವು ತಿನ್ನದ ತರಕಾರಿಯನ್ನು ರುಚಿ ನೋಡದೆ ಅಡುಗೆ ಮಾಡುವುದು ತಮ್ಮಿಂದಾಗದೆಂದು ಆಕೆ ತಿಳಿಸಿದ ಮೇಲೆ ಮನೆಯಲ್ಲಿ ಎಣ್ಣೆಗಾಯಿಯೂ ವಾಂಗಿಬಾತೂ ನಿಂತುಹೋಗಿವೆ. ಭಾವನವರು ವಾರಕ್ಕೊಮ್ಮೆ ದರ್ಶಿನಿಯ ಮುಂದೆ ನಿಂತು ಅವುಗಳ ಬಾಕಿಯನ್ನು ತೀರಿಸಿಕೊಳ್ಳುತ್ತಾರೆ. ಕಾಶಿಯಿಂದ ತಂದ ಗಂಗಾಜಲದಿಂದ ರಾಮೇಶ್ವರದಲ್ಲಿ ಅಭಿಷೇಕ ಮಾಡಿಸಿದರೆ ಮಾತ್ರ ಕಾಶಿಯಾತ್ರೆ ಪೂರ್ಣವಾಗುತ್ತದೆಂಬ ನಂಬಿಕೆಯಿರುವುದರಿಂದ ಮಧುರೆಯವರೆಗೆ ವಿಮಾನದಲ್ಲಿ ಹೋಗುವ ಮಾತುಕತೆ ಈಗ ಆರಂಭವಾಗಿದ್ದು, ಅದನ್ನು ಎತ್ತಿದವರೂ ಭಾವನವರೇ, ಪಟ್ಟಿಯಲ್ಲಿ ಮೊದಲ ಹೆಸರೂ ಅವರದೇ. ಆಧಾರ್ ಕಾರ್ಡಿನ ಫೋಟೋ ಮಾತ್ರ ಇನ್ನೂ ಬರಬೇಕಾಗಿದೆ.