ಪಿರೇಯಸ್ ಪರಾಜಯ ಮೀಮಾಂಸೆ

ಸೋಲುಗಳಲ್ಲಿ ಎರಡು ಜಾತಿ: ಲೆಕ್ಕಕ್ಕೆ ಬರುವವು, ಬಾರದವು. ಮೊದಲನೆಯದರ ಬಗ್ಗೆ ಪತ್ರಕರ್ತರೂ ಕೆಲಸ ಕಳೆದುಕೊಂಡ ಕೋಚ್‌ಗಳೂ ಬೇಕಾದಷ್ಟು ಬರೆದಿದ್ದಾರೆ. ಎರಡನೆಯದರ ವಿಚಾರದಲ್ಲಿ ಶಾಸ್ತ್ರಕ್ಕೆ ಬಾಯಿಲ್ಲ. ಈ ಕೊರತೆ ನೀಗಲೆಂದೇ, ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ತಂಡ ಗ್ರೀಸಿನ ಪಿರೇಯಸ್ ಬಂದರಿಗೆ ಹೋಗಿ ಒಲಿಂಪಿಯಾಕೋಸ್ ಕೈಯಲ್ಲಿ ಸೋತು ಬಂದ ಪ್ರಸಂಗಗಳನ್ನು ಆಕರವಾಗಿಟ್ಟುಕೊಂಡು ಈ ಕಿರು ಮೀಮಾಂಸೆ. ಗ್ರಂಥಕರ್ತ ಆರ್ಸೆನಲ್ ಅಭಿಮಾನಿ. ನಿಷ್ಪಕ್ಷಪಾತವನ್ನು ಅವನಿಂದ ಯಾರೂ ಬಯಸಬಾರದು.

ಮೊದಲಿಗೆ ಸ್ಥಳಮಹಾತ್ಮೆ. ಪಂದ್ಯ ನಡೆಯುವುದು ಕರೈಸ್ಕಾಕಿಸ್ ಕ್ರೀಡಾಂಗಣದಲ್ಲಿ. 1896ರ ಒಲಿಂಪಿಕ್ಸಿನ ಸೈಕಲ್ ಸ್ಪರ್ಧೆಗಳು ನಡೆದದ್ದು ಇದೇ ಜಾಗದಲ್ಲಿ. ಹೆಸರು ಗ್ರೀಕ್ ಸ್ವಾತಂತ್ರ್ಯ ಸಮರದ ದಂಡನಾಯಕನದು. 1827ರಲ್ಲಿ ಇಲ್ಲೇ ಆಸುಪಾಸಿನಲ್ಲಿ ಗುಂಡೇಟು ತಿಂದು ಪ್ರಾಣಬಿಟ್ಟವನು. ಅಂಥ ನೆಲದಲ್ಲಿ ಮೂವತ್ತು ಸಾವಿರ ಜನ ಗಂಟಲು ಹರಿದುಕೊಳ್ಳುತ್ತಿರುವಾಗ, ಆಗಲೇ ಮುಂದಿನ ಸುತ್ತಿಗೆ ಟಿಕೆಟ್ ಮಾಡಿಸಿಕೊಂಡ ತಂಡವೊಂದು ಕಾಟಾಚಾರಕ್ಕೆ ಬಂದಿಳಿದರೆ ಏನಾಗಬೇಕೋ ಅದೇ ಆಯಿತು.

ಮೊದಲ ಪ್ರಮಾಣ 9 ಡಿಸೆಂಬರ್ 2009ರದು. ಚಾಂಪಿಯನ್ಸ್ ಲೀಗಿನ ಗುಂಪಿನಲ್ಲಿ ಅಗ್ರಸ್ಥಾನ ಖಾತ್ರಿಯಾಗಿದ್ದರಿಂದ ಕೋಚ್ ಆರ್ಸೆನ್ ವೆಂಗರ್ ಹುಡುಗರನ್ನು ಕಣಕ್ಕಿಳಿಸಿದರು. ಜಾಕ್ ವಿಲ್ಶೇರ್‌ಗೆ 17, ಆರನ್ ರ‍್ಯಾಮ್ಸಿಗೆ 18. ಎಡ ರಕ್ಷಣೆಯಲ್ಲಿ ಮೊದಲ ಪಂದ್ಯ ಆಡಿದ, ಅಷ್ಟೇ ವಯಸ್ಸಿನ ಇನ್ನೊಬ್ಬನ ಹೆಸರು ಟಾಮ್ ಕ್ರೂಸ್. ಇದು ಗ್ರಂಥಕರ್ತನ ಕುಚೋದ್ಯವಲ್ಲ, ತಂಡದ ಪಟ್ಟಿಯಲ್ಲೇ ಇದೆ. ವಿರಾಮ ಮುಗಿದ ಬೆನ್ನಿಗೇ ಲಿಯೊನಾರ್ಡೊ ಗೋಲು ಹೊಡೆದ, 1-0. ಆ ಕಡೆಯ ಕೋಚ್ ಸಾಕ್ಷಾತ್ ಜೀಕೊ. ಈ ಪಂದ್ಯ ಎಷ್ಟು ಅಮುಖ್ಯವೆಂದರೆ, ಅದೇ ಗುಂಪಿನ ಆ ರಾತ್ರಿಯನ್ನು ಜನ ನೆನೆಯುವುದು ಲಿಯೆಜ್ ತಂಡದ ಗೋಲ್‌ಕೀಪರ್ ಸಿನಾನ್ ಬೊಲಾತ್‌ನಿಗಾಗಿ; ಅವನು ಕೊನೇ ಗಳಿಗೆಯಲ್ಲಿ ಎದುರಾಳಿಯ ಅಂಗಳಕ್ಕೇ ಓಡಿಹೋಗಿ ತಲೆಕೊಟ್ಟು ಗೋಲು ಬಾರಿಸಿದ್ದ.

ಎರಡನೆಯದು 6 ಡಿಸೆಂಬರ್ 2011. ಮತ್ತೆ ಗುಂಪು ಗೆದ್ದಾಗಿತ್ತು, ಮತ್ತೆ ಹಲವರಿಗೆ ರಜೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲಾರ್ಧದಲ್ಲೇ ಗೋಲ್‌ಕೀಪರ್ ಫಾಬಿಯಾನ್ಸ್ಕಿ ಗಾಯಗೊಂಡು ಹೊರನಡೆದ. ವಿಟೊ ಮನ್ನೋನೆ ಒಳಬಂದ. ಉದ್ದಕ್ಕೆ ಬಂದ ಚೆಂಡೊಂದನ್ನು ಕಂಡು ಪೆಟ್ಟಿಗೆ ಬಿಟ್ಟು ಹೊರಗೆ ಓಡಿಬಂದ, ಕಾಲೆತ್ತಿ ಬೀಸಿದ. ಚೆಂಡು ಸರಿಯಾಗಿ ತಗುಲದೆ ಡೇವಿಡ್ ಫುಸ್ಟೆರ್ ಪಾಲಾಯಿತು, ಅವನು ಅದನ್ನು ಖಾಲಿ ಗೋಲಿಗೆ ಕಳಿಸಿದ. ಭಾರತದಲ್ಲಿ ಆಗ ಪಂದ್ಯ ಶುರುವಾಗುತ್ತಿದ್ದದ್ದೇ ರಾತ್ರಿ 1:15ಕ್ಕೆ. ಇಂಥ ದೃಶ್ಯಗಳ ಹೊತ್ತಿಗೆ ಇಲ್ಲಿನ ಅಭಿಮಾನಿ ಒಂದು ವಿಶೇಷ ವಿದ್ಯೆ ಸಾಧಿಸಿರುತ್ತಾನೆ: ಮನೆಯವರ ನಿದ್ದೆ ಕೆಡದಂತೆ ಬಯ್ಯುವುದು. ಹಲ್ಲು ಕಚ್ಚಿಕೊಂಡರೂ ತುಟಿ ಮಾತ್ರ ಆಡುತ್ತಿರುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಉಪಾಂಶು ಜಪವೆಂದು ಹೆಸರಿದೆ, ಮಂತ್ರ ಬೇರೆ ಅಷ್ಟೆ.

ಅಂತಿಮ ಫಲಿತಾಂಶ 3-1. ಆದರೆ ಒಲಿಂಪಿಯಾಕೋಸ್‌ಗೂ ಅದರಿಂದ ಚಿಕ್ಕಾಸಿನ ಉಪಯೋಗವಾಗಲಿಲ್ಲ! ಅತ್ತ ಡಾರ್ಟ್‌ಮುಂಡ್‌ನಲ್ಲಿ 2-0 ಹಿಂದಿದ್ದ ಮಾರ್ಸೆಯ್, ವಾಲ್ಬುಯೆನಾ 87ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ 3-2 ಗೆದ್ದು ಮುಂದೆ ಹೋಯಿತು. ಮಾರ್ಸೆಯ್‌ಗೆ 10 ಅಂಕ, ಒಲಿಂಪಿಯಾಕೋಸ್‌ಗೆ 9. ಸೋತವರು ಒಳಗೆ, ಗೆದ್ದವರು ಹೊರಗೆ. ಫಲಾಪೇಕ್ಷೆಯಿಲ್ಲದೆ ಆಡಿದವರಿಗೆ ಮೋಕ್ಷ ಸಿಕ್ಕಿದ್ದನ್ನು ಯೂರೋಪಿನಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣೆ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ. ಗುಂಪು ಹಂತದ ಒಂದೊಂದು ಗೆಲುವಿಗೂ ಯುಯೆಫಾ ಆಗ 8 ಲಕ್ಷ ಯೂರೋ ಕೊಡುತ್ತಿತ್ತಲ್ಲ, ಆ ಸೋಲು ಅಮುಖ್ಯ ಹೇಗಾದೀತು ಎಂದು ಲೆಕ್ಕಿಗರು ಕೇಳುತ್ತಾರೆ. ಉತ್ತರ ಸರಳ: ಆ ಹಣ ಅಭಿಮಾನಿಯ ಜೇಬಿಗೆ ಬರುವುದಿಲ್ಲ. ಮರುದಿನ ಕಚೇರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವನು ಮುಸಿಮುಸಿ ನಗುವಾಗ ಆಗುವ ನಷ್ಟ ಯೂರೋದಲ್ಲಿ ಅಳೆಯುವಂಥದ್ದೂ ಅಲ್ಲ. ಆ ನಗೆಗೆ ತಯಾರಾಗಿ ಇಟ್ಟುಕೊಂಡ ಉತ್ತರ ಒಂದೇ: 'ಅದು ಲೆಕ್ಕಕ್ಕಿಲ್ಲದ ಮ್ಯಾಚು ಮಾರಾಯ.' ಹೇಳುವ ಧ್ವನಿ ಏಕೆ ಏರುತ್ತದೆಂಬುದು ಈ ಗ್ರಂಥದ ವ್ಯಾಪ್ತಿಗೆ ಹೊರತು.

ಈಗ ಸಿದ್ಧಾಂತ, ಅನ್ವಯ ವ್ಯತಿರೇಕಗಳ ಸಮೇತ. 9 ಡಿಸೆಂಬರ್ 2015ರಂದು ಇದೇ ಅಂಗಳದಲ್ಲಿ ಆರ್ಸೆನಲ್‌ಗೆ ಗೆಲ್ಲಲೇಬೇಕಿತ್ತು, ಅದೂ 1-0 ಸಾಲುತ್ತಿರಲಿಲ್ಲ. ಒಲಿವಿಯೆ ಜಿರೂ ಒಬ್ಬನೇ ಮೂರು ಹೊಡೆದ, 3-0. 2020ರ ಫೆಬ್ರವರಿಯಲ್ಲಿ ಯುರೋಪಾ ಲೀಗಿನ ನಾಕೌಟ್, ಲಕಾಜೆಟ್ ಗೋಲಿನಿಂದ 1-0. 2021ರ ಮಾರ್ಚಿನಲ್ಲಿ 3-1. ಬೇಕಾದಾಗ ಗೆಲುವು, ಬೇಡವಾದಾಗ ಸೋಲು. ಹೊಗೆ ಇದ್ದಲ್ಲಿ ಬೆಂಕಿ ಎಂಬ ವ್ಯಾಪ್ತಿಯೂ ಇಷ್ಟು ಗಟ್ಟಿಯಿಲ್ಲ. 2020ರಲ್ಲಿ ಪಿರೇಯಸ್ ಗೆದ್ದು ಬಂದು ಒಂದು ವಾರದಲ್ಲಿ ತವರಿನಲ್ಲೇ, ಹೆಚ್ಚುವರಿ ಸಮಯದ ಕಟ್ಟಕಡೆಯಲ್ಲಿ ಎಲ್ ಅರಬಿ ಹೊಡೆದ ಗೋಲಿಗೆ ಹೊರಬಿದ್ದದ್ದನ್ನು ಕೆಲವು ಕುತರ್ಕಿಗಳು ಎತ್ತುವರು. ನಮ್ಮ ಸಿದ್ಧಾಂತ ಪಿರೇಯಸ್‌ಗೆ ಮಾತ್ರ. ಲಂಡನ್ನಿನಲ್ಲಿ ಏನಾಯಿತೆಂದು ಕೇಳುವವರು ಲಂಡನ್ನಿನಲ್ಲಿ ವಿಚಾರಿಸಲಿ.

ಉಳಿದದ್ದು ಒಂದೇ ತೊಡಕು, 4 ಡಿಸೆಂಬರ್ 2012. ರೋಸಿಟ್ಸ್ಕಿ ಗೋಲಿನಿಂದ ಮುಂದಿದ್ದ ಆರ್ಸೆನಲ್, ಮನಿಯಾಟಿಸ್ ಮತ್ತು ಮಿಟ್ರೊಗ್ಲೌ ಗೋಲುಗಳಿಂದ 2-1 ಸೋತಿತು. ಮುಂದಿನ ಸುತ್ತು ಖಾತ್ರಿಯಾಗಿತ್ತು ನಿಜ. ಆದರೆ ಆ ರಾತ್ರಿ ಶಾಲ್ಕೆ ಮಾಂಪೆಲಿಯೆಯಲ್ಲಿ ಡ್ರಾ ಮಾಡಿಕೊಂಡು 12 ಅಂಕಕ್ಕೆ ನಿಂತಿತು. ಗೆದ್ದಿದ್ದರೆ 13 ಅಂಕದೊಂದಿಗೆ ಅಗ್ರಸ್ಥಾನ ನಮ್ಮದು. ಎರಡನೇ ಸ್ಥಾನದ ಪ್ರಸಾದವಾಗಿ ಬಯರ್ನ್ ಮ್ಯೂನಿಕ್ ಗಂಟುಬಿತ್ತು. ತವರಿನಲ್ಲಿ 1-3 ಸೋತ ಮೇಲೆ ಮ್ಯೂನಿಕ್‌ಗೆ ಹೋಗಿ, ಆ ವರ್ಷ ಕಪ್ಪನ್ನೇ ಎತ್ತಿದ ತಂಡವನ್ನು ಅವರ ಮನೆಯಲ್ಲೇ 2-0 ಹೊಡೆದು, ಪರನೆಲದ ಗೋಲುಗಳ ಲೆಕ್ಕದಲ್ಲಿ ಹೊರಬಿದ್ದೆವು. ಯೂರೋಪಿನಲ್ಲಿ ಆರ್ಸೆನಲ್ ಕಂಡ ಬಲು ಸೊಗಸಾದ ಗೆಲುವುಗಳಲ್ಲಿ ಅದೊಂದು, ಮೂರು ಕಾಸಿಗೂ ಬಾರದ್ದು. ಲೆಕ್ಕಕ್ಕೆ ಬಾರದ ಗೆಲುವಿನ ಮೀಮಾಂಸೆ ಎರಡನೆಯ ಸಂಪುಟದಲ್ಲಿ ಬರಲಿದೆ; ಅದನ್ನು ಬರೆಯುವಷ್ಟು ಸಮಾಧಾನ ಗ್ರಂಥಕರ್ತನಿಗೆ ಇನ್ನೂ ಬಂದಿಲ್ಲ.