ಸೋತವನಿಗೊಂದು ನೆಪ

ನಮ್ಮ ಕಡೆ ಸೋತವನು ಸುಮ್ಮನೆ ಸೋತದ್ದನ್ನು ನಾನು ಕಂಡಿಲ್ಲ. ಕಬಡ್ಡಿಯಲ್ಲಿ ಸೋತರೆ ಅಂಕಣದಲ್ಲಿ ಕಲ್ಲಿತ್ತು, ಚೌಕಾಬಾರದಲ್ಲಿ ಸೋತರೆ ಕವಡೆ ಸರಿಯಿರಲಿಲ್ಲ, ಚುನಾವಣೆಯಲ್ಲಿ ಸೋತರಂತೂ ಹೇಳುವುದೇ ಬೇಡ. ಇಂಥ ಪುರಾತನ ವಿದ್ಯೆಗೆ ಸಂಚಕಾರ ತರುವ ಕೆಲಸವೊಂದು ದಸರಾ ರಜೆಯಲ್ಲಿ ನುಗ್ಗೇಹಳ್ಳಿಯ ನಮ್ಮ ನಡುಮನೆಯಲ್ಲೇ ನಡೆಯಿತು. ಬೆಂಗಳೂರಿನಿಂದ ಬಂದ ಅಕ್ಕನ ಮಗ, ಇಲ್ಲೇ ಇದ್ದು ಚನ್ನರಾಯಪಟ್ಟಣದ ಕಾಲೇಜಿಗೆ ಹೋಗುವ ಅಣ್ಣನ ಮಗ, ಇಬ್ಬರೂ ಸೇರಿ ಕಂಪ್ಯೂಟರಿನಲ್ಲಿ ಒಂದು ಕಣ ಕಟ್ಟಿದರು. ನಾನು ಒಬ್ಬನಿಗೆ ಮಾವ, ಇನ್ನೊಬ್ಬನಿಗೆ ಚಿಕ್ಕಪ್ಪ. ಹಾಗಾಗಿ ತೀರ್ಪು ಹೇಳಲು ಇಬ್ಬರೂ ನನ್ನನ್ನು ಕರೆಯಲಿಲ್ಲ.

ಆಟ ಕೌಂಟರ್ ಸ್ಟ್ರೈಕ್ 1.6. ಒಂದು ಕಾಲದಲ್ಲಿ ಸೈಬರ್ ಸೆಂಟರುಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಹುಡುಗರು ಗುಂಡು ಹಾರಿಸುತ್ತಿದ್ದದ್ದು ಇದರಲ್ಲೇ. ಇದರ ಮೊದಲ ರೂಪ 1999ರಲ್ಲಿ ಹಾಫ್ ಲೈಫ್ ಎಂಬ ಆಟವನ್ನು ತಿದ್ದಿ ಹವ್ಯಾಸಿಗಳು ಮಾಡಿದ್ದು. ಎಂಥ ಮುದಿ ಲ್ಯಾಪ್‌ಟಾಪೂ ಇದನ್ನು ಹೊರುತ್ತದೆ, ಒಂದು ರೂಟರ್ ಇದ್ದರೆ ಇಂಟರ್‌ನೆಟ್ಟಿನ ಹಂಗೂ ಇಲ್ಲ. ಮೂಲದಲ್ಲಿ ಇದು ತಂಡದ ಆಟ. ತಂಡವೆಂದ ಮೇಲೆ ಸೋಲನ್ನು ಪಕ್ಕದವನ ತಲೆಗೆ ಕಟ್ಟಬಹುದು. ಇವರಿಗೆ ಅದೇ ಬೇಡವಾಗಿತ್ತು. ಒಬ್ಬರಿಗೊಬ್ಬರು ಆಗಬೇಕು, ಬೇರೆ ಯಾರನ್ನೂ ಬೈಯುವಂತಿರಬಾರದು.

ಸರ್ವರಿಗೆ ತಾನಾಗಿ ಈ ಬುದ್ಧಿ ಇಲ್ಲ. ಇಬ್ಬರನ್ನು ಕಣಕ್ಕೆ ಬಿಟ್ಟು ಉಳಿದವರನ್ನು ಸಾಲಿನಲ್ಲಿ ನಿಲ್ಲಿಸುವುದು, ಗೆದ್ದವನನ್ನು ಇರಗೊಟ್ಟು ಸೋತವನನ್ನು ಎಬ್ಬಿಸುವುದು, ಅಂಕ ಬರೆಯುವುದು, ಇದಕ್ಕೆಲ್ಲ ಒಂದು ಪ್ಲಗಿನ್ ಬೇಕು. ಎಎಂಎಕ್ಸ್ ಮಾಡ್ ಎಕ್ಸ್ ಎಂಬ ವ್ಯವಸ್ಥೆಯನ್ನು ಸರ್ವರಿಗೆ ಜೋಡಿಸಿ, ಪ್ಲಗಿನ್ನಿನ ಕಡತವನ್ನು ಅದರ ಫೋಲ್ಡರಿಗೆ ಹಾಕಿ, ಆಮೇಲೆ ಪ್ಲಗಿನ್ಸ್ ಡಾಟ್ ಐಎನ್‌ಐ ಎಂಬ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ರೇಷನ್ ಇಲ್ಲ. ಹೆಸರಿನ ಹಿಂದೆ ಒಂದು ಅರ್ಧವಿರಾಮ ಬಿದ್ದಿದ್ದರೂ ಇಲ್ಲ. ಆ ಚಿಹ್ನೆಯಿಂದ ಶುರುವಾದ ಸಾಲನ್ನು ಯಂತ್ರ ಓದುವುದೇ ಇಲ್ಲ. ಅಣ್ಣನ ಮಗ ಬೆಳಗಿನಿಂದ ಸರ್ವರನ್ನು ನಿಲ್ಲಿಸಿ, ಎಬ್ಬಿಸಿ, ರೂಟರಿಗೂ ಶಾಪ ಹಾಕಿದ. ಕೊನೆಗೆ ಸಿಕ್ಕಿದ್ದು ಒಂದು ಅರ್ಧವಿರಾಮ. ಪರೀಕ್ಷೆಯ ಉತ್ತರದಲ್ಲಿ ಆ ಚಿಹ್ನೆಯನ್ನು ಅವನು ಒಮ್ಮೆಯಾದರೂ ಹಾಕಿದ್ದು ನನಗೆ ನೆನಪಿಲ್ಲ.

ಮುಂದಿನದು ಸೆಟ್ಟಿಂಗ್. ನಾನು ಪಕ್ಕದಲ್ಲಿ ಕಾಫಿ ಹಿಡಿದು ಕೂತು ನೋಡಿದೆ. ಅಲ್ಲಿನ ಒಂದೊಂದು ಸಾಲೂ ಸೋಲುವವನ ಕೈಯಿಂದ ಒಂದೊಂದು ನೆಪ ಕಿತ್ತುಕೊಳ್ಳುವುದಕ್ಕೇ ಇದೆ. ಆಟ ಶುರುವಾಗುವಾಗ ಕೈಗೆ ಬರುವುದು 800 ಡಾಲರ್; ಗೆಲ್ಲುತ್ತ ಹೋದವನು ಸಾಹುಕಾರ, ಸೋತವನು ಪಿಸ್ತೂಲಿನಲ್ಲೇ ಸಂಸಾರ. ಅದನ್ನು 16000ಕ್ಕೆ ಏರಿಸಿದರು, ‘ದುಡ್ಡಿರಲಿಲ್ಲ’ ಅನ್ನುವುದು ಹೋಯಿತು. ಸುತ್ತಿನ ಅವಧಿ ಐದು ನಿಮಿಷ. ಅಷ್ಟು ಹೊತ್ತು ಪೆಟ್ಟಿಗೆಯ ಹಿಂದೆ ಅಡಗಿ ಕೂರುವ ಪುಣ್ಯಾತ್ಮರಿರುತ್ತಾರೆಂದು ಒಂದೂವರೆಗೆ ಇಳಿಸಿದರು. ಅರ್ಧ ಆಟವಾದ ಮೇಲೆ ದಿಕ್ಕು ಬದಲು. ಕೊನೆಗೆ ಉಳಿದದ್ದು, ಸರ್ವರ್ ಯಾರ ಲ್ಯಾಪ್‌ಟಾಪಿನಲ್ಲಿ? ಅದು ಯಾರದ್ದೋ ಅವನ ಗುಂಡು ದಾರಿ ಸವೆಸಬೇಕಾಗಿಲ್ಲ, ಎದುರಾಳಿಯದು ಗಾಳಿಯಲ್ಲಿ ಹಾಯ್ದು ಬರಬೇಕು. ಕೆಲವೇ ಮಿಲಿಸೆಕೆಂಡಿನ ಅಂತರ. ಗಡಿ ತಕರಾರಿನಲ್ಲಿ ಒಂದು ಗೇಣಿಗೆ ಕೋರ್ಟು ಹತ್ತುವ ಜನ ನಾವು, ಅಷ್ಟನ್ನು ಬಿಡುತ್ತೇವೆಯೇ? ಹಾಗಾಗಿ ನನ್ನ ಲ್ಯಾಪ್‌ಟಾಪ್ ನಿಷ್ಪಕ್ಷಪಾತ ಭೂಮಿಯೆಂದು ಘೋಷಣೆಯಾಯಿತು. ನನ್ನ ಬರವಣಿಗೆಗೆ ಅಂದಿನಿಂದ ರಜೆ.

“ಎದುರಾಬದರಾ ಕೂತ್ಕೊಂಡು ಅದ್ಯಾಕ್ರೋ ಪೆಟ್ಟಿಗೆ ಒಳಗೆ ಬಡಿದಾಡ್ತೀರಾ?” ಅಂದರು ನಮ್ಮಮ್ಮ. ಮೊಮ್ಮಕ್ಕಳು ನಕ್ಕರು. ಆದರೆ ಅಮ್ಮನ ಚೌಕಾಬಾರದ ಎದುರು ಕೂತು ನೋಡಬೇಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ, ಕವಡೆ ಚಾಪೆಯಿಂದಾಚೆ ಹೋದರೆ ಲೆಕ್ಕಕ್ಕಿಲ್ಲ. ಈ ಸೆಟ್ಟಿಂಗನ್ನು ತಿದ್ದಲು ಯಾವ ಪಾಸ್‌ವರ್ಡೂ ಸಾಲದು.

ಮೂರನೆಯವನು ಬಂದಾಗ ಹೊಸ ಸಮಸ್ಯೆ. ಪಕ್ಕದ ಬೀದಿಯ ಹುಡುಗ ಇಬ್ಬರನ್ನೂ ಚಚ್ಚಿ ಹಾಕಿದ. ಯಾರ ಮೇಲೆ ಗೆದ್ದರೆ ಎಷ್ಟು ಬೆಲೆ? ಇದಕ್ಕೆ ಅಕ್ಕನ ಮಗ ತಂದದ್ದು ಚೆಸ್ಸಿನವರ ಲೆಕ್ಕ. ಅರ್ಪಾದ್ ಎಲೊ ಎಂಬ ಹಂಗೇರಿ ಮೂಲದ ಭೌತಶಾಸ್ತ್ರದ ಮೇಷ್ಟ್ರು ಅಮೆರಿಕದಲ್ಲಿ ಕೂತು ಹೆಣೆದದ್ದು, ವಿಶ್ವ ಚೆಸ್ ಒಕ್ಕೂಟ 1970ರಲ್ಲಿ ಒಪ್ಪಿಕೊಂಡಿತು. ನಿಮಗಿಂತ 400 ಅಂಕ ಮೇಲಿರುವವನು ಹನ್ನೊಂದರಲ್ಲಿ ಹತ್ತು ಆಟ ಗೆಲ್ಲುವುದೇ ನ್ಯಾಯ. ಅವನು ಗೆದ್ದರೆ ಚಿಲ್ಲರೆ, ನೀವು ಗೆದ್ದರೆ ಗಂಟು. ಕುಸ್ತಿಯವರು ಜೋಡಿ ಕಟ್ಟುವಾಗ ಹಿರಿಯ ಉಸ್ತಾದರು ಮೈಕಟ್ಟು ನೋಡಿ ಒಂದು ನೋಟದಲ್ಲಿ ಮಾಡುವ ಕೆಲಸವನ್ನೇ ಎಲೊ ಸೂತ್ರಕ್ಕಿಳಿಸಿದ.

ನಿಯಮ ಚಿಕ್ಕದಿದ್ದಷ್ಟೂ ಒಳ್ಳೆಯದು ಅನ್ನುವುದು ನನ್ನ ಪಕ್ಷ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣದ ಜಟ್ಟಿಗಳು ತಲೆ ಬೋಳಿಸಿಕೊಂಡು ಇಳಿಯುತ್ತಾರೆ. ಯಾರ ತಲೆಯಿಂದಾದರೂ ಮೊದಲ ಹನಿ ರಕ್ತ ಚಿಮ್ಮಿತೋ, ಮುಗಿಯಿತು. ಸಂರಚನಾ ಕಡತವೆಲ್ಲ ಒಂದೇ ಸಾಲು. ಟಿವಿಯಲ್ಲಿ ನೋಡುತ್ತಿದ್ದ ಹುಡುಗರು ಅದಕ್ಕೂ ‘ರೀಪ್ಲೇ ಹಾಕ್ಲಿ’ ಅಂದರು.

ಸಂಜೆ ಕರೆಂಟು ಹೋಯಿತು. ಇಬ್ಬರನ್ನೂ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಎಳೆದುಕೊಂಡು ಹೋದೆ. ಹುಟ್ಟಿದ ಊರಿನ ಗುಡಿಯ ಸುತ್ತ ಕಣ್ಣಾಡಿಸದೆ ಹುಡುಗರು ಬೆಳೆದುಬಿಡುತ್ತಾರೆ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಗುಡಿ ಇದು. ದಕ್ಷಿಣದ ಗೋಡೆಯ ಮೂರ್ತಿಗಳು ನಂದಿಯ ಬೈಚೋಜನ ಕೈಯವು, ಉತ್ತರದವು ಮಲ್ಲಿತಮ್ಮನವು. ಪೀಠಗಳಲ್ಲಿ ಹೆಸರುಗಳು ಕಾಣಿಸುತ್ತವೆ. ಹೊಯ್ಸಳರ ಕಾಲದ ರೂವಾರಿಗಳು ಹೆಸರಿನ ಜೊತೆಗೆ ಎದುರಾಳಿ ಶಿಲ್ಪಿಗಳ ಎದೆ ನಡುಗಿಸುವಂಥ ಬಿರುದುಗಳನ್ನೂ ಕೆತ್ತಿಕೊಳ್ಳುತ್ತಿದ್ದವರು, ಸಂಕೋಚದ ಜನವಲ್ಲ. ಕಲ್ಲು ಒಂದೇ, ದೇವರು ಒಬ್ಬನೇ, ಗೋಡೆ ಆಚೆಗೊಂದು ಈಚೆಗೊಂದು.

“ಯಾರು ಗೆದ್ರು ಮಾವ?”

“ಅದನ್ನು ಬರೆದಿಲ್ಲ.”

“ಹಾಫ್ ಆದ್ಮೇಲೆ ಸೈಡ್ ಬದಲಾಯಿಸಿಲ್ವಾ? ಅನ್ಯಾಯ. ದಕ್ಷಿಣದ ಗೋಡೆಗೆ ವರ್ಷದಲ್ಲಿ ಜಾಸ್ತಿ ದಿನ ಬಿಸಿಲು ಬೀಳುತ್ತೆ, ಬೈಚೋಜಂದೇ ಎದ್ದು ಕಾಣುತ್ತೆ.”

“ಸುಮ್ನಿರು ಭಾವ,” ಅಂದ ಅಣ್ಣನ ಮಗ. “ಬಿಸಿಲಲ್ಲಿ ಕೂತು ಕೆತ್ತೋನಿಗೆ ಕಷ್ಟವಾ, ನೆರಳಲ್ಲಿ ಕೂತೋನಿಗಾ? ಚಿಕ್ಕಪ್ಪ, ನೀವೇ ಹೇಳಿ.”

ಮೊದಲ ಬಾರಿಗೆ ನನ್ನನ್ನು ತೀರ್ಪಿಗೆ ಕರೆದಿದ್ದರು. ಪೂಜಾರರು ಮಂಗಳಾರತಿ ತಟ್ಟೆ ತಂದರು, ನಾನು ಜೇಬಿನಲ್ಲಿ ಚಿಲ್ಲರೆ ಹುಡುಕತೊಡಗಿದೆ.