ನಾವುಂದೀಯ ಪ್ರವಾಸ ಮೀಮಾಂಸೆ

ಹೊರಟ ಮೇಲಿನ ಪ್ರವಾಸದ ಬಗ್ಗೆ ಕನ್ನಡದಲ್ಲಿ ಗ್ರಂಥಗಳಿಗೆ ಬರವಿಲ್ಲ. ಕೋಟದ ಶಿವರಾಮ ಕಾರಂತರು ‘ಅಬುವಿಂದ ಬರಾಮಕ್ಕೆ’ ಬರೆದರು. ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೇ ತಂದಿತು. ಆದರೆ ಹೊರಡುವ ಮೊದಲು ಜಗಲಿಯ ಮೇಲೆ ತಿಂಗಳುಗಟ್ಟಲೆ ನಡೆಯುವ ಮುಖ್ಯ ಭಾಗವನ್ನು ಈ ಮಹನೀಯರು ಯಾಕೋ ಮುಟ್ಟಲಿಲ್ಲ. ಆ ಕೊರತೆ ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ: ಬೈಂದೂರು ತಾಲೂಕಿನ ನಾವುಂದ, ಅದರಲ್ಲೂ ಒಂದು ಮನೆ, ಅದರಲ್ಲೂ ಆ ಮನೆಯ ಹೊರಜಗಲಿ. ಅಧ್ಯಯನದ ವಿಧಾನ: ಕಂಬಕ್ಕೆ ಒರಗಿ ಕೇಳಿಸಿಕೊಳ್ಳುವುದು.

ಪೂರ್ವಪಕ್ಷವನ್ನು ಮಂಡಿಸಿದವನು ಆ ಮನೆಯ ದೊಡ್ಡಪ್ಪಯ್ಯನ ಮಗ, ಹಾಲಿ ವಸ್ತಿ ಅಮೆರಿಕದ ವರ್ಜೀನಿಯಾ. ಅಲ್ಲಿ ಅವನು ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು 1607ರಲ್ಲಿ ಇಂಗ್ಲಿಷರು ನೆಲೆಯೂರಿದ ಜೇಮ್ಸ್‌ಟೌನ್, ಜೆಫರ್ಸನ್ ಕಟ್ಟಿಸಿದ ಮಾಂಟಿಸೆಲ್ಲೊ ಮನೆ, ಬೆಟ್ಟದ ನೆತ್ತಿಯಲ್ಲೇ 105 ಮೈಲಿ ಸಾಗುವ ಸ್ಕೈಲೈನ್ ಡ್ರೈವ್, ಎಲ್ಲವನ್ನೂ ಒಂದೇ ಉಸಿರಿಗೆ ಮುಗಿಸಿದ್ದ. ಮಾಂಟಿಸೆಲ್ಲೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ನಮ್ಮ ಪಟ್ಟದಕಲ್ಲು ಸೇರಿದ್ದೂ ಅದೇ ವರ್ಷ. ಅದನ್ನು ನೋಡಿ ಇದನ್ನು ನೋಡದಿದ್ದರೆ ನಾಚಿಕೆಗೇಡು ಎಂಬುದು ಅವನ ವಾದ. ಊರಿಗೆ ಬರುವ ಮೊದಲೇ ಒಂದು ಎಕ್ಸೆಲ್ ಹಾಳೆ ಕಳಿಸಿದ. ಹಂಪಿ, ಬಾದಾಮಿ, ಪಟ್ಟದಕಲ್ಲು, ಬೇಲೂರು, ಹಳೇಬೀಡು, ಐದು ದಿನ, ಒಂದು ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಬೆಳಿಗ್ಗೆ 6ಕ್ಕೆ ಹೊರಡುವುದು. 8.15ರಿಂದ 8.30 ಕಾಫಿ.

ಈ ಕೊನೆಯ ಕಲಮನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದಿದಾಗಲೇ ಶಾಸ್ತ್ರಕ್ಕೂ ಪ್ರಯೋಗಕ್ಕೂ ಇರುವ ಅಂತರ ಸ್ಪಷ್ಟವಾಯಿತು. ಬೆಂಗಳೂರಿನಲ್ಲಿ ಹೋಟೆಲ್ ಇಟ್ಟಿರುವ ಚಿಕ್ಕಯ್ಯ ಆ ದಿನ ಊರಲ್ಲೇ ಇದ್ದರು. ಅವರ ವಂಶದಲ್ಲಿ ಯಾರೂ ಬೇರೆಯವರ ಹೋಟೆಲಿಗೆ ಹೋಗಿ ಬರೀ ಕಾಫಿ ಕುಡಿದು ಎದ್ದು ಬಂದ ದಾಖಲೆಯಿಲ್ಲ. ಮೊದಲು ಗಲ್ಲೆಯಲ್ಲಿ ಕೂತವರ ಊರು ವಿಚಾರಿಸಬೇಕು. ಆತ ಹೆಮ್ಮಾಡಿಯವನೋ ಉಪ್ಪುಂದದವನೋ ಆಗಿರುತ್ತಾನೆ. ಆಮೇಲೆ ಯಾರ ಮನೆ, ಯಾರ ಸಂಬಂಧ ಎಂಬುದು ಇತ್ಯರ್ಥವಾಗಬೇಕು. ಅಡುಗೆ ಕೋಣೆಗೆ ಇಣುಕಿ, ಸಾಂಬಾರಿಗೆ ಬೆಲ್ಲ ಹೆಚ್ಚಾಯಿತು ಎಂದು ತೀರ್ಪು ಕೊಡಬೇಕು. ಹದಿನೈದು ನಿಮಿಷ ಎಲ್ಲಿಗೆ ಸಾಕು?

ಮುಂದಿನ ಪ್ರಶ್ನೆ, ಯಾವ ದಿನ ಹೊರಡುವುದು. ಇದು ಪ್ರಬಂಧದ ಅತ್ಯಂತ ತಾಂತ್ರಿಕ ಭಾಗವಾದ್ದರಿಂದ ಓದುಗರು ಪಂಚಾಂಗ ಹತ್ತಿರ ಇಟ್ಟುಕೊಳ್ಳುವುದು ಒಳಿತು. ವಾರಶೂಲೆಯ ಪ್ರಕಾರ ಸೋಮವಾರ, ಶನಿವಾರ ಪೂರ್ವಕ್ಕೆ ಹೊರಡಬಾರದು, ಮಂಗಳವಾರ, ಬುಧವಾರ ಉತ್ತರಕ್ಕೆ, ಗುರುವಾರ ದಕ್ಷಿಣಕ್ಕೆ, ಶುಕ್ರವಾರ, ಭಾನುವಾರ ಪಶ್ಚಿಮಕ್ಕೆ. ನಾವುಂದದ ಪಶ್ಚಿಮಕ್ಕೆ ಇರುವುದು ಅರಬ್ಬೀ ಸಮುದ್ರ. ಹೀಗಾಗಿ ಶುಕ್ರವಾರ, ಭಾನುವಾರದ ದೋಷ ದೋಣಿ ಇದ್ದವರಿಗೆ ಮಾತ್ರ ತಟ್ಟುವಂಥದ್ದು, ಟಿಟಿಗೆ ತಟ್ಟದು. ಹಂಪಿ ಇರುವುದು ಈಶಾನ್ಯಕ್ಕೆ, ಅಂದರೆ ಪೂರ್ವದ ದೋಷವೂ ಉಂಟು, ಉತ್ತರದ ದೋಷವೂ ಉಂಟು. ನಾಲ್ಕು ದಿನ ಅಲ್ಲಿಗೆ ಹೋಯಿತು. ಉಳಿದ ಮೂರರಲ್ಲಿ ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕೊಡುವ ಹಾಗಿಲ್ಲ, ಎಂದ ಮೇಲೆ ಟಿಟಿಯವನಿಗೆ ಅಡ್ವಾನ್ಸ್ ಕೊಡುವುದು ಹೇಗೆ? ಭಾನುವಾರ ಯಾರದಾದರೂ ಮದುವೆ ಇದ್ದೇ ಇರುತ್ತದೆ. ಗುರುವಾರ ಒಂದು ಉಳಿಯಿತು.

ವಾರ ಸಿಕ್ಕಿತು, ತಿಂಗಳು ಸಿಗಬೇಕಲ್ಲ. ನವೆಂಬರಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮೇ ತನಕ ಯಾರದಾದರೂ ಹರಕೆ ಆಟ ತಪ್ಪುವುದಿಲ್ಲ. ಅದರ ನಡುವೆ ಕೋಟೇಶ್ವರದ ಕೊಡಿ ಹಬ್ಬ, ಮಕರ ಸಂಕ್ರಮಣಕ್ಕೆ ಮಾರಣಕಟ್ಟೆ ಜಾತ್ರೆ, ಕೊಲ್ಲೂರಿನ ತೇರು. ಏಪ್ರಿಲ್, ಮೇ ಪೂರಾ ಮದುವೆ ಮತ್ತು ಒಕ್ಕಲು. ಜೂನಿನಲ್ಲಿ ನಟ್ಟಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟಿಗೆ ಹೋಗುವ ಬಂಧುಗಳು ಪುರಸೊತ್ತಾಗಿರುತ್ತಾರೆ. ಆದರೆ ಘಾಟಿ ಜರಿಯುವುದೂ, ಸೌಪರ್ಣಿಕೆ ಉಕ್ಕಿ ಸಾಲ್ಬುಡದ ಕಡೆ ನೆರೆ ಏರುವುದೂ ಅದೇ ಹೊತ್ತಿಗೆ. ಆಸಾಡಿಯಲ್ಲಿ ಒಳ್ಳೆಯ ಕೆಲಸಕ್ಕೆ ಹೊರಡಬಾರದು. ಸೋಣೆಯಿಂದ ಮತ್ತೆ ಅಷ್ಟಮಿ, ಚೌತಿ, ನವರಾತ್ರಿ, ಕೊಯ್ಲು, ದೀಪಾವಳಿ. ಎಲ್ಲ ಕಳೆದು ಉಳಿದದ್ದು ಫೆಬ್ರವರಿಯ ಒಂದು ಗುರುವಾರ. ಅಂದು ಮಕ್ಕಳಿಗೆ ಗಣಿತ ಪರೀಕ್ಷೆ.

ಮಾರ್ಗ ನಿರ್ಣಯದಲ್ಲಿ ಭಿನ್ನಾಭಿಪ್ರಾಯ ತೀರಾ ಕಡಿಮೆ. ಬೈಂದೂರಿನಿಂದ ರಾಣೆಬೆನ್ನೂರಿಗೆ ಹೋಗುವ 766ಸಿ ಹೆದ್ದಾರಿ ಕೊಲ್ಲೂರಿನ ಮೇಲೆ ಹೋಗಿ ನಾಗೋಡಿ ಘಾಟಿ ಹತ್ತುತ್ತದೆ. ದೊಡ್ಡಪ್ಪಯ್ಯ ಹೇಳಿದ್ದು ಇಷ್ಟೇ: “ಹಂಪಿಗ್ ಹೋಪುಕೆ ಅಡ್ಡಿಲ್ಲೆ. ಆರೆ ಅಮ್ಮನಿಗ್ ಕೈ ಮುಗೀದೆ ಘಾಟಿ ಹತ್ತುದ್ ಹ್ಯಾಂಗೆ?” ಇದನ್ನೇ ಶಾಸ್ತ್ರದಲ್ಲಿ ದೇಗುಲಾಂತರ್ಭಾವ ಪ್ರಮೇಯ ಎನ್ನಬಹುದು: ಯಾತ್ರೆಯ ಉದ್ದೇಶ ಏನೇ ಇರಲಿ, ಅದರ ಹೊಟ್ಟೆಯಲ್ಲಿ ಒಂದು ದೇವಸ್ಥಾನ ಇರತಕ್ಕದ್ದು. ಇದಕ್ಕೆ ಐತಿಹಾಸಿಕ ಪ್ರಮಾಣವೂ ಉಂಟು. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಪಡೆ ಕಟ್ಟಿಕೊಂಡು ಬಂದು ನಮ್ಮ ಬಸ್ರೂರನ್ನು ಸೂರೆ ಮಾಡಿದ. ಅದು ಶುದ್ಧ ವ್ಯವಹಾರದ ಪ್ರವಾಸ. ಹಾಗಿದ್ದೂ ಹಿಂತಿರುಗುವಾಗ ಗೋಕರ್ಣದಲ್ಲಿ ಇಳಿದು, ಶಿವರಾತ್ರಿಯ ಸ್ನಾನ ಮುಗಿಸಿಯೇ ಮುಂದೆ ಹೋದ. ಹಡಗಿನಲ್ಲಿ ಅವನ ಜತೆ ಯಾರದೋ ದೊಡ್ಡಪ್ಪಯ್ಯ ಇದ್ದಿರಬೇಕು ಎಂಬುದು ಈ ಪ್ರಬಂಧಕಾರನ ಊಹೆ.

ಹಳೆಯ ಪ್ರವಾಸಿಗರ ಯಶಸ್ಸಿನ ಗುಟ್ಟನ್ನೂ ಇಲ್ಲೇ ಪರಿಶೀಲಿಸಬೇಕು. ಇಬ್ನ್ ಬತೂತ 1325ರಲ್ಲಿ ಮೊರಾಕ್ಕೊದ ತನ್ನ ಊರಿನಿಂದ ಒಬ್ಬನೇ ಹೊರಟ. ದೇಶದೇಶ ಸುತ್ತಿ ನಮ್ಮ ಬಾರಕೂರಿಗೂ ಬಂದ. ಬುಕಾನನ್ ಸಾಹೇಬ 1800ರ ಏಪ್ರಿಲಿನಲ್ಲಿ ಮದ್ರಾಸಿನಿಂದ ಹೊರಟು ಮರುವರ್ಷ ನಮ್ಮ ಕರಾವಳಿ ಹಾದು, ಗದ್ದೆ, ತೆಂಗು, ಗೇಣಿ ಎಲ್ಲ ಬರೆದುಕೊಂಡು ಹೋದ. ಮೊದಲನೆಯವನ ಜತೆ ಅತ್ತೆ, ಚಿಕ್ಕಿ, ಅವರ ಮಕ್ಕಳು ಇರಲಿಲ್ಲ. ಎರಡನೆಯವನ ಖರ್ಚು ಕಂಪೆನಿಯದು. ಡೀಸೆಲ್ ಲೆಕ್ಕ ತಲೆಗೆಷ್ಟು ಎಂದು ಹಂಚುವ ಪ್ರಮೇಯ ಬರಲಿಲ್ಲ. ಇಬ್ಬರಿಗೂ ಹಟ್ಟಿಯಲ್ಲಿ ದನ ಇರಲಿಲ್ಲ.

ದನದ ವಿಷಯಕ್ಕೆ ಬರುವ ಮೊದಲು ಸೀಟಿನ ವಿಚಾರ ಮುಗಿಸುತ್ತೇನೆ. ಘಾಟಿಯಲ್ಲಿ ವಾಂತಿ ಮಾಡುವವರಿಗೆ ಮುಂದಿನ ಸೀಟು ಎಂಬುದು ಸರ್ವಸಮ್ಮತ ನಿಯಮ. ಆದ್ದರಿಂದ ಸೀಟು ಹಂಚುವ ದಿನ ಮನೆಯಲ್ಲಿ ವಾಂತಿ ಮಾಡದವರೇ ಇರುವುದಿಲ್ಲ. ಎರಡು ಸಲ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನಿದ್ದೆಯಲ್ಲೇ ಹತ್ತಿದ ಅತ್ತೆ ಕೂಡ ಲಿಂಬೆಹಣ್ಣು ಮೂಸುತ್ತ, ಅವೊಮಿನ್ ಮಾತ್ರೆಯ ಬಗ್ಗೆ ವಿಚಾರಿಸುತ್ತ, ಮಡಚಿದ ತೊಟ್ಟೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಬ್ಯಾಗಿನ ಮೇಲ್ಭಾಗದಲ್ಲಿ ಇಟ್ಟುಕೊಂಡರು. ಕುಚ್ಚಲಕ್ಕಿ ಗಂಜಿ ಸಿಗದ ಊರಲ್ಲಿ ಐದು ದಿನ ಹೇಗೆ ಎಂಬ ಪ್ರಶ್ನೆಗೆ, ಅಕ್ಕಿ, ಕುಕ್ಕರು, ಉಪ್ಪಿನಕಾಯಿ ಜತೆಗೇ ಬರುವುದೆಂದು ತೀರ್ಮಾನವಾಯಿತು. ಅವುಗಳಿಗೆ ಎರಡು ಸೀಟು.

ಚಿಕ್ಕಿ ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. ಹಾಲು ಸೊಸೈಟಿಗೆ ಕೊಟ್ಟು ಬಂದು, ಖಾಲಿ ಕ್ಯಾನು ಮೆಟ್ಟಿಲ ಮೇಲೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದರು: “ಅದೆಲ್ಲ ಸಮ. ಹಟ್ಟಿ ಕಾಂಬೋರ್ ಯಾರ್?” ಎಕ್ಸೆಲ್ ಹಾಳೆಯಲ್ಲಿ ಇದಕ್ಕೆ ಕಲಂ ಇರಲಿಲ್ಲ. ದನ ಗಬ್ಬ, ದಿನ ಹತ್ತಿರ ಬಂದಿದೆ. ಮಗ ವರ್ಜೀನಿಯಾದಿಂದ ವಿಡಿಯೊ ಕಾಲ್‌ನಲ್ಲಿ “ಚಿಕ್ಕಿ, ಎರಡ್ ದಿನ ಮುಂದೆ ಹಾಕುಕಾತ್ತಾ?” ಎಂದು ಕೇಳಿದ್ದು ಪ್ರವಾಸವನ್ನೋ ಕರು ಹಾಕುವುದನ್ನೋ ಎಂಬ ಬಗ್ಗೆ ಜಗಲಿಯಲ್ಲಿ ಇಂದಿಗೂ ಎರಡು ಪಂಗಡಗಳಿವೆ.

ಇಷ್ಟರಿಂದ ನಾವುಂದದವರು ರಾಜ್ಯ ಸುತ್ತಿಲ್ಲ ಎಂದು ಯಾರೂ ತಿಳಿಯಕೂಡದು. ಪ್ರವಾಸದಲ್ಲಿ ಎರಡು ವಿಧ. ಮನುಷ್ಯ ರಾಜ್ಯದೊಳಗೆ ಓಡಾಡುವುದು ಒಂದು. ಮನುಷ್ಯ ಕೂತಲ್ಲೇ ಕೂತಿದ್ದು ರಾಜ್ಯಗಳು ಅವನನ್ನು ದಾಟಿಕೊಂಡು ಹೋಗುವುದು ಇನ್ನೊಂದು. ಎರಡನೆಯದರಲ್ಲಿ ನಮ್ಮ ಊರಿನ ಸಾಧನೆ ಕಡಿಮೆಯಲ್ಲ. ಕೆಳದಿ ಅರಸರ ಕಾಲ ಇತ್ತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. 1799ರಲ್ಲಿ ಕಂಪೆನಿ ಬಂತು. ಕೆನರಾ ಜಿಲ್ಲೆಯನ್ನು ಸೀಳಿ 1862ರಲ್ಲಿ ಉತ್ತರದ ಪಾಲನ್ನು ಬೊಂಬಾಯಿ ಪ್ರಾಂತ್ಯಕ್ಕೆ ಕೊಟ್ಟರು, ನಾವು ಮದ್ರಾಸಿನಲ್ಲೇ ಉಳಿದೆವು. ಶಿರೂರು ದಾಟಿ ಭಟ್ಕಳಕ್ಕೆ ಸಂತೆಗೆ ಹೋದವರು 1956ರ ತನಕ ಹೊರರಾಜ್ಯ ಪ್ರವಾಸ ಮಾಡಿದವರೇ ಸರಿ. ಆ ಗಡಿಯ ನೆನಪಿಗೋ ಎಂಬಂತೆ ಈಗ ಶಿರೂರಿನಲ್ಲಿ ಟೋಲ್ ಇದೆ. ನಮ್ಮ ಮನೆಯ ಅಜ್ಜಯ್ಯ ಹುಟ್ಟಿದ್ದು ಮದ್ರಾಸು ಪ್ರಾಂತ್ಯದಲ್ಲಿ, ಮದುವೆಯಾದದ್ದು ಮೈಸೂರು ರಾಜ್ಯದಲ್ಲಿ, 1973ರಿಂದ ಎಲೆಯಡಿಕೆ ಹಾಕಿದ್ದು ಕರ್ನಾಟಕದಲ್ಲಿ. 1997ರಲ್ಲಿ ದಕ್ಷಿಣ ಕನ್ನಡ ಬಿಟ್ಟು ಉಡುಪಿ ಜಿಲ್ಲೆಗೆ ಬಂದರು, 2018ರಲ್ಲಿ ಕುಂದಾಪುರ ಬಿಟ್ಟು ಬೈಂದೂರು ತಾಲೂಕಿಗೆ. ಇಷ್ಟೂ ಒಂದೇ ಕೋಣೆಯಲ್ಲಿ, ಒಂದೇ ಮಂಚದಲ್ಲಿ. ಹಂಪಿಯ ಮಾತು ಬಂದಾಗ ಅವರು ಕೇಳಿದ್ದು, “ಕಲ್ಲ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ?” ಇಷ್ಟು ಸುತ್ತಿದವರ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾಗದು.

ಕೊನೆಗೆ ನಡೆದದ್ದನ್ನು ದಾಖಲಿಸಿದರೆ ಪ್ರಬಂಧ ಪೂರ್ಣ. ಮಗ ಊರಿಗೆ ಬಂದ. ಟಿಟಿ ಮೊದಲು ಹೋದದ್ದು ಹಂಪಿಗೆ ಸರಿಯಾಗಿ ಬೆನ್ನು ಹಾಕಿ, ಪಕ್ಕದ ಮರವಂತೆಗೆ. ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ. ಅಮೆರಿಕದ ಮಕ್ಕಳಿಗೆ ಫೋಟೊ ಬೇಕಿತ್ತು. ಆಮೇಲೆ ಕೊಲ್ಲೂರಿನಲ್ಲಿ ಪೂಜೆ, ಪ್ರಸಾದ, ಊಟ. ಮೊದಲೆಲ್ಲ ಸಿಗಂದೂರಿಗೆ ಶರಾವತಿ ಹಿನ್ನೀರಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಸೇತುವೆ ತೆರೆದ ಮೇಲೆ ಆ ನೆಪವೂ ಇಲ್ಲ. ಆದ್ದರಿಂದ ಸಿಗಂದೂರಿನ ಚೌಡೇಶ್ವರಿಯೂ ಆಯಿತು. ಸೇತುವೆಯ ಮೇಲೆ ಹೋಗುವಾಗ ಚಿಕ್ಕಯ್ಯ ಲಾಂಚೇ ಚೆಂದ ಇತ್ತು ಎಂದರು. ಜೋಗದಲ್ಲಿ ನೀರಿಗಿಂತ ಮಂಜು ಹೆಚ್ಚಿತ್ತು. ಅಷ್ಟರಲ್ಲಿ ಚಿಕ್ಕಿಯ ಫೋನು: ದನ ಕರು ಹಾಕಿತು, ಹೆಣ್ಣು. ಗಾಡಿ ಅಲ್ಲಿಂದಲೇ ತಿರುಗಿತು. ರಾತ್ರಿ ಗಂಜಿಗೆ ಎಲ್ಲರೂ ಮನೆಯಲ್ಲಿದ್ದರು. ಇದು ಸೋಲು ಎಂದು ಎಕ್ಸೆಲ್ ಹಾಳೆ ಹೇಳಬಹುದು. ಜಗಲಿಯ ಪ್ರಕಾರ ಇದಕ್ಕಿಂತ ಒಳ್ಳೆಯ ಪ್ರವಾಸ ಇತ್ತೀಚೆಗೆ ಆದದ್ದಿಲ್ಲ.

ಹಂಪಿಯ ಯೋಜನೆ ಇನ್ನೂ ಜಾರಿಯಲ್ಲಿದೆ. ಬರುವ ಫೆಬ್ರವರಿಯ ಗುರುವಾರ ಎಂದು ಮತ್ತೊಮ್ಮೆ ನಿಶ್ಚಯವಾಗಿದೆ. ಐದು ದಿನ ಹಟ್ಟಿ ನೋಡಿಕೊಂಡು, ಎರಡು ಹೊತ್ತು ಹಾಲು ಕರೆದು ಸೊಸೈಟಿಗೆ ಮುಟ್ಟಿಸುವವರು ಯಾರಾದರೂ ಇದ್ದರೆ ದಯವಿಟ್ಟು ಮನೆ ಕಡೆ ಬಂದು ಚಿಕ್ಕಿಯ ಹತ್ತಿರ ಮಾತಾಡಬೇಕಾಗಿ ವಿನಂತಿ. ಹಾಯುವ ದನ ಅಲ್ಲ.